ನೆನಪಿನ ಪರೀಕ್ಷೆಯ ವರದಿ ಓದುವ ಬಗೆ: ಒಂದು ಸಮಗ್ರ ಮಾರ್ಗದರ್ಶಿ

ನೆನಪಿನ ಪರೀಕ್ಷೆಯ ವರದಿ ಹಿಡಿದು ನನ್ನೆದುರು ಕೂರುವವರು ಸಾಮಾನ್ಯವಾಗಿ ಕೊನೆಯ ಪುಟ ತೆರೆದುಕೊಂಡೇ ಬರುತ್ತಾರೆ. ‘ತೀವ್ರ ಕೊರತೆ’ ಎಂಬ ಮಾತಿನ ಕೆಳಗೆ ಮನೆಯ ಯಾರೋ ಬಾಲ್‌ಪೆನ್ನಿನಿಂದ ಗೆರೆ ಎಳೆದಿರುತ್ತಾರೆ. "ಅಪ್ಪಗ ಮರವಿನ ರೋಗ ಅಂತ ಬರದಾರೇನ್ರೀ ಇದರಾಗ?" ಎಂಬುದು ಮೊದಲ ಪ್ರಶ್ನೆ. ನಾನು ಪುಟಗಳನ್ನು ಹಿಂದಕ್ಕೆ ತಿರುವಿ ಮೊದಲ ಪುಟದ ಮೇಲ್ತುದಿಗೆ ಹೋಗುತ್ತೇನೆ. ಕೊನೆಯ ಪುಟ ಸರಿಯೋ ತಪ್ಪೋ ಎಂಬುದಕ್ಕೆ ಉತ್ತರ ಬಹಳ ಸಲ ಅಲ್ಲೇ ಇರುತ್ತದೆ.

ಧಾರವಾಡದಲ್ಲಿ ಕೂತು ಹುಬ್ಬಳ್ಳಿ, ಗದಗ, ಹಾವೇರಿ ಕಡೆಯ ಹಿರಿಯರನ್ನು ಪರೀಕ್ಷಿಸುವ ಕ್ಲಿನಿಕಲ್ ಸೈಕಾಲಜಿಸ್ಟ್ ಆಗಿ ಇದನ್ನು ಬರೆಯುತ್ತಿದ್ದೇನೆ. ವರದಿ ಕೈಗೆ ಬಂದು ದಿಕ್ಕು ತೋಚದೆ ಕೂತ ಮಕ್ಕಳು ಸೊಸೆಯಂದಿರಿಗೆ ಇದು ಬೇಕು. ಈಗಷ್ಟೇ ತರಬೇತಿಗೆ ಸೇರಿ ಅಂಕ ಕೂಡಿಸಲು ಕಲಿತು, ಅರ್ಥ ಹೇಳಲು ತಡವರಿಸುತ್ತಿರುವ ಕಿರಿಯರಿಗೆ ಇನ್ನೂ ಹೆಚ್ಚು ಬೇಕು. ಇಲ್ಲಿ ಬರುವ ಮೂವರು ‘ರೋಗಿಗಳು’ ಮತ್ತು ಅವರ ಅಂಕಗಳನ್ನು ಕಲಿಕೆಗೆಂದು ನಾನೇ ಕಟ್ಟಿದ್ದೇನೆ. ನಿಜವಾದ ಪರೀಕ್ಷೆಯ ಪದಗಳನ್ನು, ಕಥೆಗಳನ್ನು ಎಲ್ಲಿಯೂ ಹೇಳುವುದಿಲ್ಲ. ಮೊದಲೇ ಓದಿಕೊಂಡು ಬಂದವರಿಗೆ ಆ ಪರೀಕ್ಷೆ ಮುಂದೆ ಉಪಯೋಗಕ್ಕೆ ಬರುವುದಿಲ್ಲ.

ಒಂದು ಚಿತ್ರ ಮನಸ್ಸಿನಲ್ಲಿಟ್ಟುಕೊಳ್ಳಿ. ನಮ್ಮ ಕಡೆ ಹಿಂದೆ ಜೋಳ ಕೂಡಿಡಲು ನೆಲದಡಿ ಹಗೇವು ಇರುತ್ತಿತ್ತು. ವರ್ಷದ ಕೊನೆಗೆ ಮನೆಯಲ್ಲಿ ಕಾಳಿಲ್ಲ ಎಂದರೆ ಮೂರು ಕಾರಣ ಇರಬಹುದು. ಹಗೇವಿಗೆ ಕಾಳು ಹಾಕಿಯೇ ಇರಲಿಲ್ಲ. ಹಾಕಿದ್ದು ಒಳಗೇ ಕೆಟ್ಟುಹೋಯಿತು. ಅಥವಾ ಕಾಳು ಒಳಗಿದೆ, ತೆಗೆಯಲು ಆಗುತ್ತಿಲ್ಲ. ಮೂರರಲ್ಲೂ ಅಡುಗೆಮನೆಯ ಡಬ್ಬಿ ಖಾಲಿಯೇ. ಆದರೆ ಮಾಡಬೇಕಾದ ಕೆಲಸ ಮೂರಕ್ಕೂ ಬೇರೆ. ನೆನಪಿನ ಪರೀಕ್ಷೆ ಓದುವುದೆಂದರೆ ಕಾಳು ಎಲ್ಲಿ ಕಳೆಯಿತು ಎಂದು ಹುಡುಕುವುದು.

ಮೊದಲ ಹೆಜ್ಜೆ: ಮೇಲ್ತುದಿ

ವಯಸ್ಸು, ಓದು, ಮನೆಮಾತು, ಮಾಡಿದ ಉದ್ಯೋಗ, ತೆಗೆದುಕೊಳ್ಳುತ್ತಿರುವ ಔಷಧಿ, ಕಣ್ಣು-ಕಿವಿಯ ಸ್ಥಿತಿ, ಪರೀಕ್ಷೆಗೆ ಕಳಿಸಿದ ವೈದ್ಯರು ಕೇಳಿದ ಪ್ರಶ್ನೆ. ಇವು ವರದಿಯಲ್ಲಿ ಇಲ್ಲದಿದ್ದರೆ ಮುಂದಿನ ಅಂಕಗಳನ್ನು ನಾನು ನಂಬುವುದಿಲ್ಲ.

ಹಾನಗಲ್ಲಿನ ಒಬ್ಬ ಅಜ್ಜಿಯನ್ನು ಊಹಿಸಿಕೊಳ್ಳಿ. ಬೆಳಗಿನ 5ರ ಬಸ್ಸು ಹತ್ತಿ ಹುಬ್ಬಳ್ಳಿಯಲ್ಲಿಳಿದು, ಚಿಗರಿ ಬಸ್ಸಿನಲ್ಲಿ ಧಾರವಾಡಕ್ಕೆ ಬಂದು, ಸರದಿಯಲ್ಲಿ ಕೂತು 12 ಗಂಟೆಗೆ ಪರೀಕ್ಷೆಗೆ ಬಂದಿದ್ದಾರೆ. ಶುಗರ್ ಇದೆ, ನಸುಕಿನಲ್ಲಿ ಒಂದು ಬಟ್ಟಲು ಚಹಾ ಬಿಟ್ಟರೆ ಹೊಟ್ಟೆಗೆ ಏನೂ ಬಿದ್ದಿಲ್ಲ. ಚಾಳೀಸು ಮನೆಯಲ್ಲೇ ಉಳಿದಿದೆ. ಎಡಗಿವಿ ಮಂದ. ಈ ಅಜ್ಜಿಗೆ ಹದಿನೈದು ಪದ ಓದಿ ಹೇಳಿ ‘ಕಲಿಕೆ ಕಡಿಮೆ’ ಎಂದು ಬರೆಯುವುದು ಸುಲಭ. ಆದರೆ ಪದ ಕಿವಿಗೆ ಬಿದ್ದಿತೇ? ನಾನು ಪರೀಕ್ಷೆಗೆ ಮುಂಚೆ ಕೆಲವು ಬೇರೆ ಪದಗಳನ್ನು ಹೇಳಿ ಹಾಗೇ ತಿರುಗಿ ಹೇಳಿಸುತ್ತೇನೆ. ತಪ್ಪು ಕೇಳಿಸಿಕೊಂಡರೆ ಅಂದು ಪರೀಕ್ಷೆ ನಿಲ್ಲಿಸಿ ಮೊದಲು ಕಿವಿ ತೋರಿಸಲು ಹೇಳುತ್ತೇನೆ. ಊಟ ಮಾಡಿಸಿಕೊಂಡು ಬನ್ನಿ ಎಂದು ಕಳಿಸುವುದೂ ಪರೀಕ್ಷೆಯ ಭಾಗವೇ.

ಮಾತಿನ ವಿಷಯಕ್ಕೆ ನಾನು ಹೆಚ್ಚು ಹೊತ್ತು ಕೊಡುತ್ತೇನೆ. ‘ಕನ್ನಡ ಬಲ್ಲವರು’ ಎಂದು ವರದಿಯಲ್ಲಿ ಬರೆದರೆ ಸಾಲದು. ಮನೆಯಲ್ಲಿ ಉರ್ದು, ಮರಾಠಿ ಅಥವಾ ಲಂಬಾಣಿ ಆಡುವವರಿಗೆ ಕನ್ನಡದ ಪದಪಟ್ಟಿ ಎರಡನೆಯ ಭಾಷೆಯ ಪಟ್ಟಿ. ಇನ್ನು ಕನ್ನಡದವರಿಗೇ ತೊಡಕಿದೆ. ಪಟ್ಟಿಯಲ್ಲಿ ‘ಮೊಟ್ಟೆ’ ಎಂದಿದೆ ಎನ್ನೋಣ (ಇದು ನನ್ನ ಉದಾಹರಣೆ), ನಮ್ಮ ಅಜ್ಜಿ ‘ತತ್ತಿ’ ಎನ್ನುತ್ತಾರೆ. ‘ಈರುಳ್ಳಿ’ ಎಂದು ಓದಿದರೆ ‘ಉಳ್ಳಾಗಡ್ಡಿ’ ಎಂದು ಮರಳಿ ಬರುತ್ತದೆ. ನಾನು ಹೊಸಬನಿದ್ದಾಗ ಇಂಥ ಉತ್ತರಗಳನ್ನು ಪಟ್ಟಿಯಲ್ಲಿಲ್ಲದ ಪದ ಎಂದು ತಪ್ಪಿಗೆ ಸೇರಿಸಿದ್ದೆ. ಆ ವರದಿಗಳ ನೆನಪು ಇವತ್ತಿಗೂ ನನ್ನನ್ನು ಚುಚ್ಚುತ್ತದೆ. ಆ ಹಿರಿಯರು ಪದದ ಅರ್ಥವನ್ನು ಸರಿಯಾಗಿ ಒಳಗಿಟ್ಟುಕೊಂಡು, ತಮ್ಮ ಮಾತಿನಲ್ಲಿ ಹೊರತೆಗೆದಿದ್ದರು. ಅದು ನೆನಪು ಕೆಲಸ ಮಾಡುತ್ತಿರುವುದರ ಗುರುತು. ಕಿರಿಯರೇ, ಉತ್ತರವನ್ನು ಅವರು ಹೇಳಿದ ಹಾಗೇ ಬರೆದುಕೊಳ್ಳಿ. ಅಂಕ ಆಮೇಲೆ ಕೊಡಬಹುದು.

ಇಂದಿನ ತಾರೀಖು ಕೇಳುವ ಪ್ರಶ್ನೆಗೂ ಇದೇ ಮಾತು. ಬ್ಯಾಡಗಿ ಹತ್ತಿರದ ಹಳ್ಳಿಯ ರೈತ ಮಹಿಳೆ "ಶೀಗಿ ಹುಣ್ಣಿವಿ ಆಗಿ ನಾಕ ದಿನಾ ಆತು" ಎಂದರೆ ಆಕೆಗೆ ಕಾಲದ ಅರಿವು ನನಗಿಂತ ಚೆನ್ನಾಗಿದೆ. ಇಂಗ್ಲಿಷ್ ತಿಂಗಳು ಗೊತ್ತಿಲ್ಲ, ಅಷ್ಟೇ. ಓದು ಬಾರದ ಹಿರಿಯರಿಗೆ ವಿದೇಶಿ ಪರೀಕ್ಷೆ ಸರಿಹೊಂದುವುದಿಲ್ಲ ಎಂದೇ ಹರಿಯಾಣದ ಬಲ್ಲಭಗಡದಲ್ಲಿ, 1975ರ ಅಮೆರಿಕದ ‘ಮಿನಿ ಮೆಂಟಲ್ ಸ್ಟೇಟ್’ ಪರೀಕ್ಷೆಯನ್ನು ಬದಲಿಸಿ ಹಿಂದಿಯಲ್ಲಿ ಹೊಸದು ಮಾಡಿದರು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಸಿದ್ಧಪಡಿಸಿದ ಅರಿವಿನ ಪರೀಕ್ಷೆಗಳ ಕಟ್ಟು ಐದು ಭಾಷೆಗಳಲ್ಲಿದ್ದು, ಕನ್ನಡ ಅವುಗಳಲ್ಲೊಂದು. 100 ಅಂಕಗಳ ‘ಏಸ್-3’ ಪರೀಕ್ಷೆಗೂ ಕನ್ನಡ ರೂಪವಿದೆ, ಅದರಲ್ಲಿ ನೆನಪಿಗೆ 26 ಅಂಕ. ನಿಮ್ಮ ವರದಿಯಲ್ಲಿ ಯಾವುದನ್ನು, ಯಾವ ಭಾಷೆಯಲ್ಲಿ ಬಳಸಿದ್ದಾರೆ ಎಂದು ಕೇಳುವ ಹಕ್ಕು ನಿಮಗಿದೆ.

ಎರಡನೆಯ ಹೆಜ್ಜೆ: ಯಾರ ಜೊತೆ ಹೋಲಿಸಿದ್ದಾರೆ?

‘ತಡವಾಗಿ ನೆನಪಿಸಿಕೊಂಡದ್ದು: 6’, ಅಂದರೆ ಕೇಳಿದ ಪದಗಳಲ್ಲಿ ಅರ್ಧ ಗಂಟೆಯ ನಂತರ ನೆನಪಾದವು ಆರು, ಎಂಬುದು ಒಂಟಿ ಅಂಕಿ. 25 ವರ್ಷದ ಇಂಜಿನಿಯರಿಗೆ ಅದು ಕಡಿಮೆ, 64 ವರ್ಷದ ಶಾಲೆ ಕಾಣದ ಮಹಿಳೆಗೆ ಸಹಜ ಇರಬಹುದು. ಅದಕ್ಕೇ ಅದೇ ವಯಸ್ಸಿನ, ಅಷ್ಟೇ ಓದಿದ, ಕಾಯಿಲೆಯಿಲ್ಲದ ಜನರ ಅಂಕಗಳ ಪಕ್ಕದಲ್ಲಿಟ್ಟು ನೋಡಬೇಕು.

ಲೆಕ್ಕ ಕಷ್ಟವಿಲ್ಲ. ಆ ಗುಂಪಿನ ಸರಾಸರಿ 9, ಮಾನಕ ವಿಚಲನೆ (ಗುಂಪಿನವರ ಅಂಕಗಳು ಸರಾಸರಿಯಿಂದ ಸಾಮಾನ್ಯವಾಗಿ ಎಷ್ಟು ಆಚೀಚೆ ಹರಡಿವೆ ಎಂಬ ಅಳತೆ) 2 ಎಂದಿಟ್ಟುಕೊಳ್ಳಿ. ನಮ್ಮವರ ಅಂಕ 6. ಸರಾಸರಿಗಿಂತ 3 ಕೆಳಗೆ, ಅಂದರೆ ಒಂದೂವರೆ ವಿಚಲನೆ ಕೆಳಗೆ. ವರದಿಯಲ್ಲಿ ಇದು ‘ಝಡ್ ಸ್ಕೋರ್ −1.5’ ಅಥವಾ ‘7ನೆಯ ಪರ್ಸೆಂಟೈಲ್’ ಎಂದು ಬರುತ್ತದೆ.

ಪರ್ಸೆಂಟೈಲ್ ಎಂಬ ಮಾತು ನಮ್ಮ ಮನೆಗಳಲ್ಲಿ ಬಹಳ ಕಣ್ಣೀರು ಹಾಕಿಸಿದೆ. ಎಸ್ಸೆಸ್ಸೆಲ್ಸಿಯಲ್ಲಿ ಪಾಸಾಗಲು 35 ಬೇಕಿದ್ದ ಕಾಲದ ಲೆಕ್ಕ ತಲೆಯಲ್ಲಿ ಕೂತಿರುವುದರಿಂದ, 30ನೆಯ ಪರ್ಸೆಂಟೈಲ್ ಎಂದ ಕೂಡಲೇ ‘ಫೇಲ್’ ಎಂದು ತಿಳಿಯುತ್ತಾರೆ. ಅದು ಶೇಕಡಾವಾರು ಅಂಕವಲ್ಲ. ಇವರಂಥ 100 ಜನರನ್ನು ಸಾಲಾಗಿ ನಿಲ್ಲಿಸಿದರೆ ಸುಮಾರು 30 ಜನ ಇವರ ಹಿಂದಿರುತ್ತಾರೆ ಎಂದರ್ಥ. 30 ಪೂರ್ತಿ ಸಹಜ. 20 ಕೂಡ ಸಹಜವೇ. ಬೆಂಗಳೂರಿನ ನಿಮ್ಹಾನ್ಸ್ 2004ರಲ್ಲಿ ಹೊರತಂದ ಪರೀಕ್ಷಾಮಾಲೆಯಲ್ಲಿ 15ನೆಯ ಪರ್ಸೆಂಟೈಲ್, ಅಂದರೆ ಸುಮಾರು ಒಂದು ವಿಚಲನೆ ಕೆಳಗೆ, ಕೊರತೆಯ ಗಡಿ. ಬೇರೆ ಕೆಲವರು ಒಂದೂವರೆ ಅಥವಾ ಎರಡು ವಿಚಲನೆ ಕೆಳಗೆ ಹೋಗದೆ ‘ಕೊರತೆ’ ಎಂಬ ಮಾತು ಬಳಸುವುದಿಲ್ಲ. ಒಂದೇ ಅಂಕ ಎರಡು ಕಡೆ ಎರಡು ಹೆಸರು ಪಡೆಯುವುದು ಹೀಗೆ. ಗಡಿ ಯಾವುದು ಎಂದು ವರದಿಯಲ್ಲಿ ಹುಡುಕಿ.

ಇದೇ ಪರೀಕ್ಷಾಮಾಲೆಯ ಹೋಲಿಕೆ ಅಂಕಗಳು 16ರಿಂದ 65 ವರ್ಷದವರೆಗಿನವು. ಓದಿನಲ್ಲಿ ಮೂರು ಗುಂಪು: ಅನಕ್ಷರಸ್ಥರು, ಶಾಲೆ ಓದಿದವರು, ಕಾಲೇಜು ಓದಿದವರು. 74 ವರ್ಷದ ಹಿರಿಯರ ಅಂಕವನ್ನು 51-65ರ ಗುಂಪಿನ ಜೊತೆ ಹೋಲಿಸಿ ‘ಕೊರತೆ’ ಎಂದು ಬರೆದಿದ್ದರೆ, ಆ ಮಾತಿಗೆ ತೂಕ ಕಡಿಮೆ.

ಓದಿನ ವರ್ಷವೊಂದನ್ನೇ ನಂಬುವುದೂ ಅಪಾಯ. ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಯ ಅಡತಿ ಅಂಗಡಿಯವರು ನಾಲ್ಕನೆಯ ಇಯತ್ತೆ ಓದಿರಬಹುದು. ಆದರೆ ನಲವತ್ತು ವರ್ಷ ನೂರಾರು ರೈತರ ಹೆಸರು, ಚೀಲದ ಲೆಕ್ಕ, ಬಾಕಿ ರೊಕ್ಕ ಎಲ್ಲವನ್ನೂ ತಲೆಯಲ್ಲೇ ಇಟ್ಟವರು. ಅವರ ಅಂಕ ‘ನಾಲ್ಕನೆಯ ಇಯತ್ತೆಯವರಿಗೆ ಸಹಜ’ ಎಂದು ಬಂದರೆ, ಅವರ ಮಟ್ಟಿಗೆ ಅದು ದೊಡ್ಡ ಇಳಿತ ಇರಬಹುದು. ಕಾಲೇಜಿನಲ್ಲಿ ಪಾಠ ಹೇಳಿದ ಪ್ರಾಧ್ಯಾಪಕರು 40ನೆಯ ಪರ್ಸೆಂಟೈಲಿಗೆ ಬಂದಿದ್ದರೂ ಹಾಗೇ. ಗುಂಪಿನ ಜೊತೆಗಿನ ಹೋಲಿಕೆ ಒಂದು, ಹಿಂದೆ ಅವರೇ ಹೇಗಿದ್ದರೋ ಅದರ ಜೊತೆಗಿನ ಹೋಲಿಕೆ ಇನ್ನೊಂದು. ಎರಡನೆಯದಕ್ಕೆ ಪಟ್ಟಿಯಿಲ್ಲ, ಮನೆಯವರನ್ನು ಕೇಳಬೇಕು.

ಮೂರನೆಯ ಹೆಜ್ಜೆ: ಗಮನವನ್ನು ನೆನಪಿನಿಂದ ಬೇರೆ ಮಾಡಿ

ಅಂಕಿಗಳನ್ನು ಹೇಳಿ ತಿರುಗಿ ಹೇಳಿಸುವ ಪರೀಕ್ಷೆ ಹೆಚ್ಚಿನ ವರದಿಗಳಲ್ಲಿ ಇರುತ್ತದೆ. ಬಹಳ ಜನ ಇದನ್ನೇ ನೆನಪಿನ ಪರೀಕ್ಷೆ ಎಂದುಕೊಳ್ಳುತ್ತಾರೆ. ಇದು ಅಳೆಯುವುದು ಆ ಕ್ಷಣ ಹಿಡಿದಿಟ್ಟುಕೊಳ್ಳುವ ಶಕ್ತಿಯನ್ನು, ಗಮನವನ್ನು. ಎರಡೂ ಬೇರೆ ಎಂದು ಜಗತ್ತಿಗೆ ತೋರಿಸಿಕೊಟ್ಟವರು ಹೆನ್ರಿ ಮೊಲೈಸನ್ ಎಂಬ ಅಮೆರಿಕದ ರೋಗಿ. 1953ರಲ್ಲಿ ಮೂರ್ಛೆರೋಗಕ್ಕೆಂದು ಅವರ ಮೆದುಳಿನ ಎರಡೂ ಕಡೆಯ ಹಿಪೊಕ್ಯಾಂಪಸ್ ಭಾಗವನ್ನು ತೆಗೆದ ಮೇಲೆ, ಹೊಸ ಸಂಗತಿ ಯಾವುದೂ ಅವರಲ್ಲಿ ನಿಲ್ಲಲಿಲ್ಲ. ಆದರೆ ಅಂಕಿಗಳನ್ನು ತಕ್ಷಣ ತಿರುಗಿ ಹೇಳುವುದು ಸರಿಯಾಗಿಯೇ ಇತ್ತು. 2008ರಲ್ಲಿ ತೀರಿಕೊಳ್ಳುವವರೆಗೂ ಅವರು ಪರೀಕ್ಷೆಗಳಿಗೆ ಒಪ್ಪಿಕೊಳ್ಳುತ್ತಲೇ ಇದ್ದರು. ನಾವು ಇಂದು ವರದಿಯ ಒಂದೊಂದು ಸಾಲು ಓದುವಾಗಲೂ ಆ ಮನುಷ್ಯನ ಋಣ ಇದೆ.

ಆದ್ದರಿಂದ ಅಂಕಿಪರೀಕ್ಷೆ ಚೆನ್ನಾಗಿದೆ ಎಂದು ನೆನಪೂ ಚೆನ್ನಾಗಿದೆ ಎನ್ನಬೇಡಿ. ಮತ್ತೆ, ಅದು ತೀರಾ ಕೆಟ್ಟಿದ್ದರೆ ಮುಂದಿನ ಎಲ್ಲ ನೆನಪಿನ ಅಂಕಗಳನ್ನು ಅನುಮಾನದಿಂದ ನೋಡಿ. ಹಗೇವಿನ ಬಾಯಿಯಲ್ಲೇ ಕಾಳು ಚೆಲ್ಲಿಹೋಗುತ್ತಿದೆ ಎಂದರ್ಥ. ಜ್ವರ ಇಳಿದ ಮರುವಾರ, ದೊಡ್ಡ ಆಪರೇಷನ್ ಆದ ಕೆಲವೇ ದಿನಕ್ಕೆ, ದಿನದಲ್ಲಿ ಗಳಿಗೆಗೊಂದು ಥರ ಇರುವ ಗೊಂದಲದಲ್ಲಿ ಮಾಡಿದ ಪರೀಕ್ಷೆ ಹೀಗೇ ಬರುತ್ತದೆ. ಅದನ್ನು ಕಾಯಂ ಮರೆವು ಎಂದು ಓದಬಾರದು.

ನಾಲ್ಕನೆಯ ಹೆಜ್ಜೆ: ಪದಪಟ್ಟಿಯ ಪೂರ್ತಿ ದಾರಿ

ಇಡೀ ವರದಿಯಲ್ಲಿ ನನಗೆ ಒಂದೇ ಪುಟ ಕೊಡುತ್ತೇವೆ ಎಂದರೆ ನಾನು ಕೇಳುವುದು ಪದಪಟ್ಟಿಯ ಪುಟ. ಸ್ವಿಟ್ಜರ್ಲೆಂಡಿನ ಆಂದ್ರೆ ರೇ ಎಂಬ ಮನಶ್ಶಾಸ್ತ್ರಜ್ಞರಿಂದ ಬಂದ ಈ ಕ್ರಮ ಈಗ ನಾನಾ ಭಾಷೆಗಳಲ್ಲಿದೆ. 15 ಪದ ಓದಿ ಹೇಳಿ, ನೆನಪಾದಷ್ಟನ್ನು ಹೇಳಿಸುತ್ತಾರೆ. ಅದೇ ಪಟ್ಟಿಯನ್ನು ಒಟ್ಟು ಐದು ಸಲ. ಬಳಿಕ ಗಮನ ಚದುರಿಸಲು ಬೇರೊಂದು ಪಟ್ಟಿ. ತಕ್ಷಣ ಮತ್ತೆ ಮೊದಲ ಪಟ್ಟಿ ಕೇಳುತ್ತಾರೆ. 20-30 ನಿಮಿಷ ಬಿಟ್ಟು ಇನ್ನೊಮ್ಮೆ ಕೇಳುತ್ತಾರೆ, ವರದಿಯಲ್ಲಿ ಇದು ‘ಡಿಲೇಡ್ ರೀಕಾಲ್’. ಕೊನೆಗೆ ಹಳೆಯ ಪದ, ಹೊಸ ಪದ ಬೆರೆಸಿ ‘ಇದು ಪಟ್ಟಿಯಲ್ಲಿತ್ತೇ?’ ಎಂದು ಕೇಳುವುದು ‘ರೆಕಗ್ನಿಷನ್’, ಅಂದರೆ ಗುರುತು ಹಿಡಿಯುವುದು.

ಮೂವರನ್ನು ನೋಡೋಣ.

ಒಬ್ಬರು ರೋಣ ಕಡೆಯ ನಿವೃತ್ತ ಗುರುಗಳು, 64 ವರ್ಷ. ಐದು ಸರದಿಯಲ್ಲಿ 4, 5, 6, 7, 7 ಪದ. ಬೇರೆ ಪಟ್ಟಿಯ ನಂತರ 2. ಅರ್ಧ ಗಂಟೆಯ ನಂತರ 1. ಗುರುತು ಹಿಡಿಯುವಾಗ 15ರಲ್ಲಿ 9 ಸರಿ, ಆದರೆ ಪಟ್ಟಿಯಲ್ಲಿಲ್ಲದ 8 ಪದಗಳಿಗೂ ‘ಇತ್ತು’ ಎಂದಿದ್ದಾರೆ.

ಇನ್ನೊಬ್ಬರು ನಮ್ಮ ಅಡತಿ ಅಂಗಡಿಯವರು, 58, ಹತ್ತು ವರ್ಷದಿಂದ ಬಿಪಿ, ಶುಗರ್. 3, 5, 7, 8, 9. ಬೇರೆ ಪಟ್ಟಿಯ ನಂತರ 5, ಅರ್ಧ ಗಂಟೆಗೆ 5. ಗುರುತಿನಲ್ಲಿ 14 ಸರಿ, 1 ತಪ್ಪು.

ಮೂರನೆಯವರು ನವಲಗುಂದದ ಅವ್ವ, 56, ಏಳನೆಯ ಇಯತ್ತೆ. ಹೋದ ವರ್ಷ ಯಜಮಾನರು ತೀರಿಕೊಂಡರು. 4, 5, 5, 6, 6. ಬೇರೆ ಪಟ್ಟಿಯ ನಂತರ 5, ಅರ್ಧ ಗಂಟೆಗೆ 5. ಗುರುತಿನಲ್ಲಿ 13 ಸರಿ, ಒಂದೂ ತಪ್ಪಿಲ್ಲ. ಪ್ರತಿ ಸರದಿಗೂ "ಬಿಡ್ರೀ, ನನಗ ಆಗೂದಿಲ್ಲ" ಎಂದಿದ್ದಾರೆ.

ಅಡತಿಯವರು ಮತ್ತು ಅವ್ವ ಇಬ್ಬರದೂ ಅರ್ಧ ಗಂಟೆಯ ಅಂಕ 5. ಅದೊಂದನ್ನೇ ನೋಡಿದರೆ ಇಬ್ಬರೂ ಒಂದೇ. ಈಗ ಒಂದು ಭಾಗಾಕಾರ ಮಾಡಿ: ಅರ್ಧ ಗಂಟೆಯ ನಂತರ ಉಳಿದದ್ದನ್ನು ಐದನೆಯ ಸರದಿಯ ಅಂಕದಿಂದ ಭಾಗಿಸಿ. ಅವ್ವ 6ರಲ್ಲಿ 5 ಉಳಿಸಿಕೊಂಡಿದ್ದಾರೆ, ಶೇ 83. ಅಡತಿಯವರು 9ರಲ್ಲಿ 5, ಶೇ 56. ಗುರುಗಳು 7ರಲ್ಲಿ 1, ಶೇ 14.

ಅವ್ವನ ಹಗೇವಿಗೆ ಬಿದ್ದದ್ದೇ ಕಡಿಮೆ, ಬಿದ್ದದ್ದು ಹೆಚ್ಚುಕಡಿಮೆ ಹಾಗೇ ಇದೆ. ಖಿನ್ನತೆಯಲ್ಲಿ ಈ ಚಿತ್ರ ಆಗಾಗ ಕಾಣುತ್ತದೆ: ಮನಸ್ಸು ಇಲ್ಲಿಲ್ಲ, ಪ್ರಯತ್ನಕ್ಕೆ ಬಲವಿಲ್ಲ, ತಪ್ಪು ಉತ್ತರಕ್ಕಿಂತ ‘ಗೊತ್ತಿಲ್ಲ’ ಎಂಬ ಉತ್ತರ ಹೆಚ್ಚು. ಅಡತಿಯವರ ಕಾಳು ಒಳಗಿದೆ. ತಾವಾಗಿ ಐದೇ ತೆಗೆದರು, ಆದರೆ ಎದುರಿಗೆ ಇಟ್ಟಾಗ ಹದಿನಾಲ್ಕನ್ನು ಗುರುತು ಹಿಡಿದರು. ಮೆದುಳಿನ ಮುಂಭಾಗ ಮತ್ತು ಒಳಗಿನ ಸಂಪರ್ಕಗಳಿಗೆ ಪೆಟ್ಟಾದಾಗ, ಅಂದರೆ ಸಣ್ಣ ರಕ್ತನಾಳಗಳ ತೊಂದರೆ, ಪಾರ್ಕಿನ್ಸನ್ ಮುಂತಾದವುಗಳಲ್ಲಿ, ಹೀಗೆ ಹುಡುಕಿ ತೆಗೆಯುವುದು ಸೋಲುತ್ತದೆ. ಸುಳಿವು ಕೊಟ್ಟರೆ ನೆರವಾಗುತ್ತದೆ. ಗುರುಗಳದ್ದು ಬೇರೆ ಕಥೆ. ಏಳು ಪದ ಕಲಿತರು, ಬೇರೊಂದು ಪಟ್ಟಿ ಬಂದ ಕೂಡಲೇ ಜಾರಿಹೋದವು. ಎದುರಿಗಿಟ್ಟರೂ ಗುರುತು ಸಿಗಲಿಲ್ಲ. ಒಳಗಿಟ್ಟದ್ದೇ ಉಳಿಯುತ್ತಿಲ್ಲ. ಹಿಪೊಕ್ಯಾಂಪಸ್ ಸುತ್ತಲಿನ ಭಾಗ ಸೊರಗಿದಾಗ, ಆಲ್ಝೈಮರ್ ಕಾಯಿಲೆಯ ಶುರುವಿನಲ್ಲಿ, ಈ ಚಿತ್ರ ಕಾಣುತ್ತದೆ. ಅವರು ಹೇಳಿದ ಪದಗಳು ಪಟ್ಟಿಯ ಕೊನೆಯವೇ ಆಗಿದ್ದರೆ, ಮೊದಲನೆಯವು ಪ್ರತಿ ಸರದಿಯಲ್ಲೂ ಬಿಟ್ಟುಹೋಗಿದ್ದರೆ, ಇಲ್ಲದ ಪದಗಳು ನಡುವೆ ನುಸುಳಿದ್ದರೆ ಅನುಮಾನ ಇನ್ನೂ ಗಟ್ಟಿಯಾಗುತ್ತದೆ.

ಗುರುತಿನ ಅಂಕ ಓದುವಾಗ ಸರಿಯುತ್ತರ ಮಾತ್ರ ನೋಡಬೇಡಿ. ಎಲ್ಲಕ್ಕೂ ‘ಹೌದ್ರಿ’ ಎನ್ನುವವರಿಗೆ 15ಕ್ಕೆ 15 ಬಂದುಬಿಡುತ್ತದೆ. ಸರಿಯಿಂದ ತಪ್ಪನ್ನು ಕಳೆಯಿರಿ. ಗುರುಗಳದ್ದು 9ರಲ್ಲಿ 8 ಕಳೆದರೆ 1. ಅವ್ವನದು 13. ಡಾಕ್ಟರ ಎದುರು ‘ಇಲ್ಲ’ ಎನ್ನುವುದು ಮರ್ಯಾದೆಯಲ್ಲ ಎಂದು ತಲೆಯಾಡಿಸುವ ಹಿರಿಯರೂ ನಮ್ಮಲ್ಲಿದ್ದಾರೆ, ಅದನ್ನು ಪರೀಕ್ಷಕರು ಆಗಲೇ ಗಮನಿಸಿ ಬರೆದಿರಬೇಕು.

ಒಂದು ಎಚ್ಚರಿಕೆ. ಈ ಮೂರು ಚಿತ್ರಗಳು ದಾರಿ ತೋರಿಸುವ ಕೈಮರ, ಊರಲ್ಲ. ಖಿನ್ನತೆ ಇರುವವರಿಗೆ ಆಲ್ಝೈಮರ್ ಕೂಡ ಇರಬಹುದು. ರಕ್ತನಾಳದ ತೊಂದರೆ ಮತ್ತು ಆಲ್ಝೈಮರ್ ಒಂದೇ ಮೆದುಳಿನಲ್ಲಿ ಇರುವುದು ವಯಸ್ಸಾದವರಲ್ಲಿ ಅಪರೂಪವಲ್ಲ. ಪದಪಟ್ಟಿಯೊಂದರಿಂದಲೇ ಕಾಯಿಲೆಯ ಹೆಸರು ಬರೆದ ವರದಿಯನ್ನು ಕಂಡರೆ ಇನ್ನೊಬ್ಬ ತಜ್ಞರನ್ನು ಕೇಳಿ.

ಐದನೆಯ ಹೆಜ್ಜೆ: ಉಳಿದ ನೆನಪಿನ ಪರೀಕ್ಷೆಗಳು

ಇವನ್ನು ಬೇಗ ನೋಡಬಹುದು. ಸಣ್ಣ ಕಥೆ ಹೇಳಿ ತಿರುಗಿ ಹೇಳಿಸುವ ಪರೀಕ್ಷೆಯಲ್ಲಿ ಅರ್ಥದ ಎಳೆ ಇರುವುದರಿಂದ, ಹರಿಕಥೆ, ಪುರಾಣ ಕೇಳಿ ಬೆಳೆದ ಹಿರಿಯರು ಪದಪಟ್ಟಿಗಿಂತ ಇದರಲ್ಲಿ ಮೇಲೆ ಬರುತ್ತಾರೆ. ಕಥೆ ಚೆನ್ನಾಗಿದ್ದು ಪಟ್ಟಿ ಕೆಟ್ಟಿದ್ದರೆ, ತಾನೇ ಜೋಡಿಸಿಕೊಂಡು ನೆನಪಿಡುವ ಕೌಶಲ ಸೋತಿದೆಯೇ ಎಂದು ನೋಡಿ.

ಕ್ಲಿಷ್ಟ ಚಿತ್ರ ನೋಡಿ ಬರೆದು, ಆಮೇಲೆ ನೋಡದೆ ಬರೆಯುವ ಪರೀಕ್ಷೆಗೆ 36 ಅಂಕ. ಇಲ್ಲಿ ಎಲ್ಲರೂ ಎಡವುವ ಕಲ್ಲೊಂದಿದೆ. ನೋಡದೆ ಬರೆದದ್ದಕ್ಕೆ 10 ಬಂದಿದೆ, ‘ದೃಶ್ಯ ನೆನಪು ಕಡಿಮೆ’ ಎಂದು ಬರೆದಿದ್ದಾರೆ. ನೋಡಿ ಬರೆದದ್ದಕ್ಕೆ ಎಷ್ಟು? 14. ಹಾಗಾದರೆ ಕೈಗೆ ಬಂದದ್ದರಲ್ಲಿ ಹೆಚ್ಚಿನ ಪಾಲು ಉಳಿದಿದೆ. ತೊಂದರೆ ಕಣ್ಣಿನದೋ, ಕೈನಡುಕದ್ದೋ, ಅಥವಾ ಜೀವಮಾನದಲ್ಲಿ ಪೆನ್ಸಿಲ್ ಹಿಡಿಯದೆ ಹೊಲದಲ್ಲಿ ದುಡಿದ ಕೈಯದೋ ಇರಬೇಕು. ಆ ಕೈಗೆ ಚಿತ್ರದ ಪರೀಕ್ಷೆಯನ್ನೇ ಕೊಡಬಾರದಿತ್ತು ಎಂಬುದು ನನ್ನ ಅಭಿಪ್ರಾಯ.

ಮಾತಿನ ನೆನಪು ಕಡಿಮೆಯಾಗಿ ದೃಶ್ಯದ್ದು ಸರಿಯಿದ್ದರೆ ಮೆದುಳಿನ ಎಡಭಾಗದ ಟೆಂಪೊರಲ್ ಲೋಬ್ (ಕಿವಿಯ ಬದಿಯ ಭಾಗ) ಕಡೆ ಬೊಟ್ಟುಮಾಡುತ್ತಾರೆ. ಮೂರ್ಛೆರೋಗಕ್ಕೆ ಶಸ್ತ್ರಚಿಕಿತ್ಸೆ ಯೋಚಿಸುವಾಗ ಇದು ಮುಖ್ಯ. ಬಲಭಾಗ ಮತ್ತು ದೃಶ್ಯ ನೆನಪಿನ ನಂಟು ಅಷ್ಟು ಬಿಗಿಯಾದುದಲ್ಲ. ಎಂಆರ್‌ಐ, ಇಇಜಿ ಜೊತೆಯಲ್ಲಿಲ್ಲದೆ ಎಡ-ಬಲ ಹೇಳುವುದು ಸರಿಯಲ್ಲ.

ಆರನೆಯ ಹೆಜ್ಜೆ: ಒಂದು ಕೆಂಪು ಅಂಕಕ್ಕೆ ಹೆದರಬೇಡಿ

ಆರೋಗ್ಯವಂತರಿಗೂ ಎಲ್ಲ ಪರೀಕ್ಷೆಯಲ್ಲೂ ಒಂದೇ ಮಟ್ಟ ಇರುವುದಿಲ್ಲ. 15ನೆಯ ಪರ್ಸೆಂಟೈಲ್ ಗಡಿ ಇಟ್ಟು ಒಂದಕ್ಕೊಂದು ಸಂಬಂಧವಿಲ್ಲದ 10 ಪರೀಕ್ಷೆ ಮಾಡಿದರೆ, ಯಾವ ಕಾಯಿಲೆಯೂ ಇಲ್ಲದ 100 ಜನರಲ್ಲಿ ಸುಮಾರು 80 ಜನರಿಗೆ ಒಂದಾದರೂ ‘ಕೊರತೆ’ ಸಿಗುತ್ತದೆ. ನಿಜದ ಪರೀಕ್ಷೆಗಳು ಒಂದಕ್ಕೊಂದು ತಾಳೆಯಾಗುವುದರಿಂದ ಸಂಖ್ಯೆ ಇಷ್ಟು ಹೆಚ್ಚಿರುವುದಿಲ್ಲ, ಆದರೂ ಕಡಿಮೆಯೇನಲ್ಲ. ಹೀಗಾಗಿ ಒಂಟಿ ಅಂಕಕ್ಕೆ ಬದಲು ಒಂದೇ ಮಾತನ್ನು ಹೇಳುವ ಎರಡು ಮೂರು ಅಂಕ ಹುಡುಕಿ: ಪಟ್ಟಿಯೂ ಕಥೆಯೂ ಅರ್ಧ ಗಂಟೆಯಲ್ಲಿ ಜಾರಿಹೋದವೇ?

ಏಳನೆಯ ಹೆಜ್ಜೆ: ಗುಳಿಗೆಯ ಚೀಲ ತೆರೆಯಿರಿ

ಮನೆಯವರಿಗೆ ನನ್ನ ಕಳಕಳಿಯ ಮಾತು: ಪರೀಕ್ಷೆಗೆ ಬರುವಾಗ ಚೀಟಿಯಷ್ಟೇ ಅಲ್ಲ, ಮನೆಯಲ್ಲಿರುವ ಎಲ್ಲ ಗುಳಿಗೆಗಳನ್ನೂ ತನ್ನಿ. ನಿದ್ದೆಗೆಂದು ವರ್ಷಗಟ್ಟಲೆ ನುಂಗುವ ಅಲ್ಪ್ರಝೋಲಾಮ್, ಕ್ಲೊನಝೆಪಾಮ್. ಕೈನಡುಕಕ್ಕೆ ಕೊಡುವ ಟ್ರೈಹೆಕ್ಸಿಫೆನಿಡಿಲ್. ನೋವಿಗೆ, ನಿದ್ದೆಗೆ ಕೊಡುವ ಅಮಿಟ್ರಿಪ್ಟಿಲಿನ್. ಶೀತಕ್ಕೆ ಅಂಗಡಿಯಲ್ಲೇ ಸಿಗುವ, ಜೊಂಪು ತರಿಸುವ ಕೆಲವು ಔಷಧಿ. ಇವೆಲ್ಲ ಹಿರಿಯರ ನೆನಪನ್ನು ಮಂಕು ಮಾಡಬಲ್ಲವು. ತಾವಾಗಿ ಏಕಾಏಕಿ ನಿಲ್ಲಿಸುವುದೂ ಅಪಾಯ, ಬರೆದುಕೊಟ್ಟ ವೈದ್ಯರನ್ನೇ ಕೇಳಿ.

ಥೈರಾಯ್ಡ್, ಬಿ12 ಪರೀಕ್ಷೆ ಆಗಿದೆಯೇ ನೋಡಿ. ಹಾಲು ಮೊಸರೂ ಅಷ್ಟಕ್ಕಷ್ಟೇ ಎನ್ನುವ ಶುದ್ಧ ಸಸ್ಯಾಹಾರಿ ಮನೆಗಳಲ್ಲಿ, ವರ್ಷಗಳಿಂದ ಶುಗರಿಗೆ ಮೆಟ್‌ಫಾರ್ಮಿನ್ ನುಂಗುವವರಲ್ಲಿ ಬಿ12 ಕೊರತೆ ಹೊಸದಲ್ಲ. ರಾತ್ರಿ ಗೊರಕೆ ನಡುವೆ ಉಸಿರು ಕಟ್ಟುತ್ತದೆಯೇ, ಕುಡಿತ ಎಷ್ಟು, ಮನಸ್ಸು ಎಷ್ಟು ಕುಗ್ಗಿದೆ ಎಂದೂ ಕೇಳಿ. ಇವು ತಿದ್ದಬಹುದಾದವು. ತಿದ್ದಬಹುದಾದದ್ದನ್ನು ನೋಡದೆ, ತಿದ್ದಲಾಗದ ಕಾಯಿಲೆಯ ಹೆಸರು ಹೇಳಿ ಕಳಿಸುವುದನ್ನು ನಾನು ಒಪ್ಪಲಾರೆ.

ಎಂಟನೆಯ ಹೆಜ್ಜೆ: ಮನೆಯ ಬದುಕಿನ ಜೊತೆ ಕೂಡಿಸಿ ನೋಡಿ

ಅಂಕ ಕಡಿಮೆ ಇದ್ದೂ ತಮ್ಮ ಕೆಲಸ ತಾವು ಸರಿಯಾಗಿ ಮಾಡಿಕೊಂಡಿದ್ದರೆ ‘ಸೌಮ್ಯ ಅರಿವಿನ ಕೊರತೆ’ ಎನ್ನುತ್ತೇವೆ. ದಿನದ ಬದುಕೇ ಕೈತಪ್ಪಿದ್ದರೆ ಮಾತ್ರ ಡಿಮೆನ್ಷಿಯಾ ಎಂಬ ಮಾತು ಬರುತ್ತದೆ. ಈ ಗೆರೆ ಎಳೆಯುವುದು ಪರೀಕ್ಷೆಯ ಹಾಳೆಯಲ್ಲ, ಮನೆಯವರ ಉತ್ತರ.

ಆದರೆ ನಮ್ಮ ಕೂಡುಕುಟುಂಬದಲ್ಲಿ ಈ ಉತ್ತರ ಪಡೆಯುವುದು ಕಷ್ಟ. "ಎಲ್ಲಾ ಛಲೋ ಐತ್ರಿ" ಎನ್ನುತ್ತಾರೆ. ಅಡುಗೆ ಸೊಸೆಯದು, ರೊಕ್ಕ ಮಗನದು, ಗುಳಿಗೆ ಮೊಮ್ಮಗಳು ಕೈಗೆ ಕೊಡುತ್ತಾಳೆ. ಅಜ್ಜ ತಪ್ಪು ಮಾಡಲು ಜಾಗವೇ ಇಲ್ಲ. ಅದಕ್ಕೇ ಬಿಡಿಸಿ ಕೇಳಬೇಕು. ಸಂತೆಗೆ ಒಬ್ಬರೇ ಹೋಗಿ ಹೇಳಿದ ಸಾಮಾನು ತಂದು ಚಿಲ್ಲರೆ ಸರಿಯಾಗಿ ಎಣಿಸುತ್ತಾರೆಯೇ? ಹೋದ ತಿಂಗಳ ಮದುವೆಗೆ ಯಾರು ಯಾರು ಬಂದಿದ್ದರು ಹೇಳುತ್ತಾರೆಯೇ? ಒಂದೇ ಮಾತನ್ನು ಒಂದೇ ಹೊತ್ತಿನಲ್ಲಿ ಎಷ್ಟು ಸಲ ಕೇಳುತ್ತಾರೆ? ಗೊತ್ತಿದ್ದ ಓಣಿಯಲ್ಲಿ ದಾರಿ ತಪ್ಪಿದ್ದುಂಟೇ? ಪೂಜೆಯ ಕ್ರಮ ತಪ್ಪುತ್ತಿದೆಯೇ? ಎರಡು ವರ್ಷದ ಹಿಂದೆ ಮಾಡುತ್ತಿದ್ದ ಯಾವ ಕೆಲಸ ಈಗ ಬಿಟ್ಟಿದ್ದಾರೆ, ಯಾರು ಬಿಡಿಸಿದರು? ಈ ಕೊನೆಯ ಪ್ರಶ್ನೆಗೆ ಬರುವ ಉತ್ತರವನ್ನು ನಾನು ಅತಿ ಹೆಚ್ಚು ನಂಬುತ್ತೇನೆ. ಸೊಸೆಯನ್ನು ಬೇರೆಯಾಗಿ ಕೂರಿಸಿ ಕೇಳಿ. ಹಿರಿಯರ ಎದುರು ಆಕೆ ಬಾಯಿಬಿಡುವುದಿಲ್ಲ, ಆದರೆ ಎಲ್ಲ ನೋಡಿರುವವಳು ಆಕೆಯೇ.

ಅಪಘಾತದ ಪರಿಹಾರಕ್ಕೆ ಅರ್ಜಿ ಹಾಕಿದವರ ವರದಿಯಲ್ಲಿ ಇನ್ನೊಂದು ಸಾಲು ಇರಬೇಕು: ಪೂರ್ತಿ ಪ್ರಯತ್ನ ಹಾಕಿದರೇ ಎಂಬ ಪರಿಶೀಲನೆ. ಎರಡರಲ್ಲಿ ಒಂದನ್ನು ಆರಿಸುವ 50 ಪ್ರಶ್ನೆಗೆ ಕಣ್ಣುಮುಚ್ಚಿ ಉತ್ತರಿಸಿದರೂ 25ರ ಆಸುಪಾಸು ಸರಿಯಾಗುತ್ತವೆ. ಅದಕ್ಕಿಂತ ಬಹಳ ಕೆಳಗೆ, 15ಕ್ಕೋ 16ಕ್ಕೋ ಇಳಿದರೆ ಮಾತ್ರ ಸರಿಯುತ್ತರ ಗೊತ್ತಿದ್ದೂ ಬಿಟ್ಟಿರಬಹುದು ಎಂಬ ಅನುಮಾನಕ್ಕೆ ಆಧಾರ. ನೋವು, ನಿದ್ದೆಗೇಡು, ಭಯ ಕೂಡ ಪ್ರಯತ್ನವನ್ನು ಕುಂದಿಸುತ್ತವೆ. ಒಂದು ಅಂಕ ಹಿಡಿದು ಯಾರನ್ನೂ ಸುಳ್ಳುಗಾರ ಎಂದು ಬರೆಯಬಾರದು.

ಒಂಬತ್ತನೆಯ ಹೆಜ್ಜೆ: ಮರುಪರೀಕ್ಷೆ

ಒಂದು ವರದಿ ಒಂದು ದಿನದ ಫೋಟೋ. ಕಾಯಿಲೆ ಮುಂದುವರಿಯುತ್ತಿದೆಯೇ ಎಂದು ಹೇಳಲು ಎರಡು ಬೇಕು. ಆರು ತಿಂಗಳಿನಿಂದ ಒಂದು ವರ್ಷ ಅಂತರ ಇರಲಿ. ತೀರಾ ಬೇಗ ಮಾಡಿದರೆ ಅಭ್ಯಾಸಬಲದಿಂದ ಅಂಕ ಏರುತ್ತದೆ, ಸುಧಾರಣೆ ಎಂದು ಮೋಸಹೋಗುತ್ತೇವೆ. ಸಾಧ್ಯವಿದ್ದರೆ ಬೇರೆ ಪದಗಳ ಪಟ್ಟಿ ಬಳಸಬೇಕು. ಒಂದೆರಡು ಅಂಕದ ಏರಿಳಿತಕ್ಕೆ ಅರ್ಥ ಹಚ್ಚಬೇಡಿ. ಅವ್ವನಂಥವರಿಗೆ ಖಿನ್ನತೆಗೆ ಚಿಕಿತ್ಸೆ ಕೊಟ್ಟು, ಮನಸ್ಸು ಚೇತರಿಸಿದ ಮೇಲೆ ಮಾಡುವ ಎರಡನೆಯ ಪರೀಕ್ಷೆ ಮೊದಲನೆಯದಕ್ಕಿಂತ ಬೆಲೆಯುಳ್ಳದ್ದು.

ಹತ್ತನೆಯ ಹೆಜ್ಜೆ: ಬರೆಯುವುದು, ಹೇಳುವುದು

ಕಿರಿಯರು ಬರೆಯುವ ವಾಕ್ಯ ಹೀಗಿರುತ್ತದೆ: ‘ತಡವಾದ ನೆನಪಿನಲ್ಲಿ ತೀವ್ರ ಕೊರತೆ ಇದ್ದು ಡಿಮೆನ್ಷಿಯಾವನ್ನು ಸೂಚಿಸುತ್ತದೆ.’ ನಾನು ಅದನ್ನು ಹೊಡೆದುಹಾಕಿ ಹೀಗೆ ಬರೆಸುತ್ತೇನೆ: ‘ಐದು ಸರದಿಯಲ್ಲಿ 7 ಪದದವರೆಗೆ ಕಲಿತರೂ ಅರ್ಧ ಗಂಟೆಯ ನಂತರ 1 ಉಳಿದಿದೆ, ಗುರುತು ಹಿಡಿಯುವುದರಲ್ಲೂ ನೆರವಾಗಿಲ್ಲ. ಕಥೆಯಲ್ಲೂ ಇದೇ ಚಿತ್ರ. ಗಮನ ಸಹಜ. ಎರಡು ವರ್ಷದಿಂದ ಪಿಂಚಣಿ ಲೆಕ್ಕ ತಾವೇ ನೋಡಲಾಗುತ್ತಿಲ್ಲ ಎಂದು ಮಗ ಹೇಳುತ್ತಾರೆ. ಹೊಸದನ್ನು ಉಳಿಸಿಕೊಳ್ಳುವ ಶಕ್ತಿ ಕುಗ್ಗಿದೆ. ರಕ್ತಪರೀಕ್ಷೆ ಮತ್ತು ಎಂಆರ್‌ಐ ಜೊತೆ ನರರೋಗ ತಜ್ಞರು ನೋಡಬೇಕು.’ ಓದುವ ವೈದ್ಯರಿಗೆ ಮುಂದಿನ ದಾರಿ ಕಾಣುತ್ತದೆ.

ಮನೆಯವರು ಕೇಳಬೇಕಾದದ್ದು: ಪರೀಕ್ಷೆ ಮಾಡಿದವರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿತ ಕ್ಲಿನಿಕಲ್ ಸೈಕಾಲಜಿಸ್ಟರೇ? ಧಾರವಾಡದಲ್ಲಿ 1845ರಲ್ಲಿ ಮಾನಸಿಕ ರೋಗಿಗಳ ಆಸ್ಪತ್ರೆಯಾಗಿ ಶುರುವಾದದ್ದು ಇಂದು ಡಿಮ್ಹಾನ್ಸ್ (ಧಾರವಾಡದ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ) ಆಗಿದೆ. ಪ್ರತಿ ಸಂಶಯಕ್ಕೂ ಬೆಂಗಳೂರಿನ ರೈಲು ಹತ್ತಬೇಕಿಲ್ಲ.

ಹಿರಿಯರಿಗೆ ಹೇಳುವಾಗ ಅವರನ್ನು ಹೊರಗೆ ಕೂರಿಸಿ ಮಕ್ಕಳಿಗಷ್ಟೇ ಹೇಳುವ ರೂಢಿ ನನಗೆ ನೋವು ತರುತ್ತದೆ. ‘ಅರವತ್ತಕ್ಕೆ ಅರಳು ಮರಳು’ ಎಂದು ನಕ್ಕು ತೇಲಿಸುವುದೂ ಅಷ್ಟೇ. ನಾನು ಗುರುಗಳಂಥವರಿಗೆ ನೇರವಾಗಿ ಹೇಳುತ್ತೇನೆ: "ಗುರುಗಳ, ಹಳೇದೆಲ್ಲಾ ನಿಮ್ಮ ಹತ್ರ ಗಟ್ಟಿ ಐತ್ರಿ. ಹೊಸಾದು ನಿಲ್ಲವಲ್ದು. ಯಾಕಂತ ನೋಡೂಣು. ಅಲ್ಲೀತನಕಾ ಹೊಸಾದನ್ನ ವಹೀದಾಗ ಬರದ ಇಡ್ರಿ." ಅಡತಿಯವರಿಗೆ ಸುಳಿವು ಕೊಡುವ ಪಟ್ಟಿ, ಗೋಡೆಯ ಕ್ಯಾಲೆಂಡರ್, ಮೊಬೈಲಿನ ಅಲಾರಂ ನೆರವಾಗುತ್ತವೆ, ಏಕೆಂದರೆ ಅವರ ಕಾಳು ಒಳಗಿದೆ. ಗುರುಗಳಿಗೆ ಸುಳಿವು ಸಾಲದು, ಗುಳಿಗೆಯನ್ನು ಕೈಗೇ ಕೊಡುವ ಒಬ್ಬರು ಬೇಕು. ಅವ್ವನಿಗೆ ಮೊದಲು ಬೇಕಾದದ್ದು ದುಃಖಕ್ಕೆ ಔಷಧಿ, ಜೊತೆಗೆ ಕೂತು ಮಾತಾಡುವ ಮಂದಿ.

ಕೊನೆಗೆ ಒಂದು ಕೆಲಸ. ವರದಿಯ ಜೊತೆ ಮೂಲ ಅಂಕಗಳ ಹಾಳೆಯನ್ನೂ ಕೇಳಿ ಪಡೆದು ಝೆರಾಕ್ಸ್ ಮಾಡಿಸಿ ಇಟ್ಟುಕೊಳ್ಳಿ: ಪ್ರತಿ ಸರದಿಯಲ್ಲಿ ಎಷ್ಟು ಪದ, ಅರ್ಧ ಗಂಟೆಗೆ ಎಷ್ಟು, ಗುರುತಿನಲ್ಲಿ ಸರಿ ಎಷ್ಟು, ತಪ್ಪು ಎಷ್ಟು. ಪದಗಳು ಬೇಡ, ಅಂಕಿ ಸಾಕು. ‘ಸೌಮ್ಯ’, ‘ತೀವ್ರ’ ಎಂಬ ಮಾತುಗಳಿಂದ ಮುಂದಿನ ವರ್ಷ ಯಾರೂ ಹೋಲಿಕೆ ಮಾಡಲಾರರು. 4, 5, 6, 7, 7, ಆಮೇಲೆ 1 ಎಂಬ ಸಾಲು ಕೈಯಲ್ಲಿದ್ದರೆ ಯಾವ ಊರಿನ ಯಾವ ದವಾಖಾನೆಯಲ್ಲಾದರೂ ಮುಂದಿನವರು ಅಲ್ಲಿಂದಲೇ ಶುರುಮಾಡಬಹುದು.